ಸಂತೇಮರಹಳ್ಳಿಯಿಂದ ದೆಹಲಿಗೆ: ಒಂದು ಮತದಲ್ಲಿ ಗೆದ್ದ ಶಾಸಕರು ಸಂಸದರಾದ ಬಗೆ

ಆರ್. ಧ್ರುವನಾರಾಯಣ (1961–2023) ಎರಡು ಸಲ ವಿಧಾನಸಭೆಗೂ ಎರಡು ಸಲ ಲೋಕಸಭೆಗೂ ಆಯ್ಕೆಯಾದವರು. ವಿಧಾನಸಭೆಗೆ ಹೋದದ್ದು ಎರಡು ಬೇರೆ ಬೇರೆ ಕ್ಷೇತ್ರಗಳಿಂದ: 2004ರಲ್ಲಿ ಸಂತೇಮರಹಳ್ಳಿ, 2008ರಲ್ಲಿ ಕೊಳ್ಳೇಗಾಲ. ಲೋಕಸಭೆಗೆ 2009 ಮತ್ತು 2014ರಲ್ಲಿ ಚಾಮರಾಜನಗರದಿಂದ. ಈ ನಾಲ್ಕು ಗೆಲುವುಗಳಲ್ಲೂ ಯಳಂದೂರು ತಾಲ್ಲೂಕಿನ ಅಗರ ಹೋಬಳಿಯ ಮತದಾರರಿಗೆ ಪಾಲಿದೆ. ಆ ಮತದಾರರು ಊರು ಬಿಟ್ಟು ಕದಲಲಿಲ್ಲ. ಅವರ ಕಾಲ ಕೆಳಗೆ ಕ್ಷೇತ್ರದ ಗಡಿಯೇ ಕದಲಿತು. 2004ರಲ್ಲಿ ಸಂತೇಮರಹಳ್ಳಿಯವರೆನಿಸಿಕೊಂಡಿದ್ದವರು ನಾಲ್ಕು ವರ್ಷದಲ್ಲಿ ಕೊಳ್ಳೇಗಾಲದ ಮತದಾರರಾದರು, ಅವರ ಶಾಸಕರೂ ಅವರ ಜೊತೆಗೇ ಅತ್ತ ಬಂದರು. ಶಾಸಕರೊಬ್ಬರು ಸಂಸದರಾಗುವುದೆಂದರೆ ಹಳ್ಳಿಯ ಮಟ್ಟದಲ್ಲಿ ಏನೇನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದನ್ನು ನೋಡಲು ಈ ಹೋಬಳಿ ಒಳ್ಳೆಯ ಜಾಗ.

ಅಗರ ಎಂಬ ಹೆಸರು ಅಗ್ರಹಾರದಿಂದ ಬಂದದ್ದು. ಪಕ್ಕದ ಮಾಂಬಳ್ಳಿಯೊಡನೆ ಸೇರಿಸಿ ‘ಅಗರ–ಮಾಂಬಳ್ಳಿ’ ಎಂದೇ ಜನ ಅದನ್ನು ಕರೆಯುತ್ತಾರೆ. ಸುವರ್ಣಾವತಿ ಹೊಳೆಯ ಬಯಲು, ಪೂರ್ವಕ್ಕೆ ಕೊಳ್ಳೇಗಾಲ, ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟ. ಯಳಂದೂರು ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲೊಂದು. ಇಷ್ಟು ಚಿಕ್ಕದು ಪ್ರತ್ಯೇಕ ತಾಲ್ಲೂಕಾಗಿ ಉಳಿದದ್ದರ ಹಿಂದೆ ಜಹಗೀರಿನ ಕಥೆಯಿದೆ. ಟಿಪ್ಪುವಿನ ಪತನದ ನಂತರ ಮೈಸೂರಿನ ಆಡಳಿತ ನಡೆಸಿದ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರನ್ನು ವಂಶಪಾರಂಪರ್ಯ ಜಹಗೀರಾಗಿ ಕೊಡಲಾಯಿತು. ಅವರ ವಂಶದವರೇ ಆದ ಜಹಗೀರುದಾರ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಕಾಲದಲ್ಲಿ ಯಳಂದೂರಿನಿಂದ ರಾಜಧಾನಿಯವರೆಗೆ ದಾರಿ ಇದ್ದದ್ದು ಒಂದೇ ಮನೆತನಕ್ಕೆ. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲೂ ಮೊದಮೊದಲು ಕೂತವರು ಭೂಮಾಲೀಕರು, ವರ್ತಕರು. ಗದ್ದೆಯಲ್ಲಿ ನಾಟಿ ಹಾಕುವ ಕೂಲಿಗೆ ಅಲ್ಲಿ ಕುರ್ಚಿ ಇರಲಿಲ್ಲ.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಇಲ್ಲಿ ಒಂದು ವಿಚಿತ್ರ ನಡೆಯಿತು. ಯಳಂದೂರಿನವರು ಮೈಸೂರು ವಿಧಾನಸಭೆಗೆ ಮತ ಹಾಕಿದರೆ, ಕೂಗಳತೆಯಾಚೆಯ ಕೊಳ್ಳೇಗಾಲದವರು ಮದ್ರಾಸ್ ವಿಧಾನಸಭೆಗೆ ಮತ ಹಾಕಿದರು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮಾತು, ನೆಂಟಸ್ತಿಕೆ, ಮಾದಪ್ಪನ ಜಾತ್ರೆ ಎಲ್ಲವೂ ಒಂದೇ ಆಗಿದ್ದರೂ ಮತಪೆಟ್ಟಿಗೆ ಮಾತ್ರ ಬೇರೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯೊಂದಿಗೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಅಗರದವರೂ ಕೊಳ್ಳೇಗಾಲದವರೂ ಒಂದೇ ವಿಧಾನಸಭಾ ಕ್ಷೇತ್ರದಲ್ಲಿ ನಿಲ್ಲಲು ಮಾತ್ರ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಲೋಕಸಭೆಯ ಲೆಕ್ಕ ಇನ್ನೊಂದು ಬಗೆಯದು. ಮೊದಲೆರಡು ಚುನಾವಣೆಗಳಲ್ಲಿ ಮೈಸೂರು ದ್ವಿಸದಸ್ಯ ಕ್ಷೇತ್ರ. ಒಂದು ಸಾಮಾನ್ಯ ಸ್ಥಾನ, ಇನ್ನೊಂದು ಪರಿಶಿಷ್ಟ ಜಾತಿಗೆ ಮೀಸಲು. 1961ರ ಕಾಯ್ದೆ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡಿದ ಮೇಲೆ 1962ರಲ್ಲಿ ಚಾಮರಾಜನಗರ ಪ್ರತ್ಯೇಕ ಮೀಸಲು ಲೋಕಸಭಾ ಕ್ಷೇತ್ರವಾಯಿತು. ಎಸ್.ಎಂ. ಸಿದ್ದಯ್ಯ 1962, 1967, 1971ರಲ್ಲಿ ಸತತವಾಗಿ ಗೆದ್ದರು. ಕ್ಷೇತ್ರ ಅಂದಿನಿಂದ ಇಂದಿನವರೆಗೆ ಮೀಸಲಾಗಿಯೇ ಉಳಿದಿದೆ. ದಲಿತ ರಾಜಕೀಯ ನಾಯಕತ್ವಕ್ಕೆ ಈ ಭಾಗದಲ್ಲಿ ಸಿಕ್ಕ ಅತಿ ದೊಡ್ಡ ಅಂಗಳವೆಂದರೆ ಇದೇ. ಜಹಗೀರುದಾರನ ನಾಡಿನಿಂದ ದೆಹಲಿಗೆ ಹೋಗುವ ಸರದಿ ಈಗ ಬೇರೆಯವರದಾಗಿತ್ತು.

ವಿಧಾನಸಭೆಯಿಂದ ಲೋಕಸಭೆಗೆ ನಡೆದು ಹೋದವರಲ್ಲಿ ಧ್ರುವನಾರಾಯಣ ಇಲ್ಲಿ ಮೊದಲಿಗರಲ್ಲ. ಅವರಿಗಿಂತ ಮೊದಲು ಬಿ. ರಾಚಯ್ಯ ಇದ್ದರು. ಚಾಮರಾಜನಗರ ತಾಲ್ಲೂಕಿನ ಆಲೂರಿನವರು. ಸ್ವಾತಂತ್ರ್ಯ ಬಂದ ಮೊದಲ ದಶಕಗಳಲ್ಲೇ ಶಾಸಕರಾಗಿ, ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರಾಗಿ ಹೆಸರು ಮಾಡಿದವರು. 1977ರಲ್ಲಿ ಉತ್ತರ ಭಾರತದುದ್ದಕ್ಕೂ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಅದಕ್ಕೆ ಕೊಟ್ಟಿತು. ಆ 26 ಮಂದಿಯಲ್ಲಿ ಚಾಮರಾಜನಗರದ ರಾಚಯ್ಯನವರೂ ಒಬ್ಬರು. ಆ ಲೋಕಸಭೆ ಅವಧಿ ಮುಗಿಸಲಿಲ್ಲ. ರಾಚಯ್ಯ ಮತ್ತೆ ರಾಜ್ಯಕ್ಕೆ ಮರಳಿ, ಜನತಾ ಪಕ್ಷ ಸೇರಿ, 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾದರು. 1990ರಲ್ಲಿ ಹಿಮಾಚಲ ಪ್ರದೇಶದ, ಅದೇ ವರ್ಷದ ಕೊನೆಗೆ ಕೇರಳದ ರಾಜ್ಯಪಾಲರಾದರು. ಅವರಿಗೆ ದೆಹಲಿ ಒಂದು ತಂಗುದಾಣ ಮಾತ್ರ. ಅವರ ನಿಜವಾದ ಕೆಲಸದ ಜಾಗ ವಿಧಾನಸೌಧ. ಧ್ರುವನಾರಾಯಣರ ವಿಷಯದಲ್ಲಿ ಇದು ತಿರುವುಮುರುವಾಯಿತು, ಅವರ ವಿರುದ್ಧ ಮೊದಲು ನಿಂತದ್ದು ರಾಚಯ್ಯನವರ ಮಗನೇ.

ಧ್ರುವನಾರಾಯಣ ಹುಟ್ಟಿದ್ದು 1961ರ ಜುಲೈ 31ರಂದು, ಚಾಮರಾಜನಗರ ತಾಲ್ಲೂಕಿನ ಹೆಗ್ಗವಾಡಿಯಲ್ಲಿ. ಓದಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಕೃಷಿ ವಿಜ್ಞಾನದ ಸ್ನಾತಕೋತ್ತರ ಪದವಿ. ರಾಜಕೀಯದ ಮೊದಲ ಪಾಠಗಳೂ ವಿದ್ಯಾರ್ಥಿ ಸಂಘಟನೆಯಲ್ಲೇ ಆದವು. ಮಣ್ಣು, ಬೀಜ, ಗೊಬ್ಬರದ ಶಾಸ್ತ್ರ ಓದಿದ ಮನುಷ್ಯ ಕಡೆಗೆ ಹತ್ತು ವರ್ಷ ಕೂತದ್ದು ಲೋಕಸಭೆಯಲ್ಲಿ ಎಂಬುದರಲ್ಲಿ ಸಣ್ಣದೊಂದು ವ್ಯಂಗ್ಯವಿದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೃಷಿ ರಾಜ್ಯಪಟ್ಟಿಯ ವಿಷಯ.

2004ರಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆಯಿತು. ದೇಶದುದ್ದಕ್ಕೂ ಎಲ್ಲ ಕ್ಷೇತ್ರಗಳಲ್ಲಿ ಮತಯಂತ್ರ ಬಳಸಿದ ಮೊದಲ ಲೋಕಸಭಾ ಚುನಾವಣೆಯೂ ಅದೇ. ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿಸಿಕೊಂಡು ಗುಂಡಿ ಒತ್ತಿದರೆ ಯಂತ್ರ ‘ಬೀಪ್’ ಎನ್ನುತ್ತಿತ್ತು. ಶಾಯಿ ಹೊರಗಿನದಲ್ಲ, ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದೇ. 1962ರಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ. ಸಂತೇಮರಹಳ್ಳಿ ಆಗ ಮೀಸಲು ವಿಧಾನಸಭಾ ಕ್ಷೇತ್ರ, ಯಳಂದೂರು ತಾಲ್ಲೂಕು ಅದರೊಳಗೆ. ಕಾಂಗ್ರೆಸ್‌ನಿಂದ ಧ್ರುವನಾರಾಯಣ, ಜೆಡಿಎಸ್‌ನಿಂದ ರಾಚಯ್ಯನವರ ಮಗ ಎ.ಆರ್. ಕೃಷ್ಣಮೂರ್ತಿ. ಎಣಿಕೆ ಮುಗಿದಾಗ ಧ್ರುವನಾರಾಯಣರಿಗೆ 40,752, ಕೃಷ್ಣಮೂರ್ತಿಯವರಿಗೆ 40,751. ಅಂತರ ಒಂದು.

ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಇಬ್ಬರ ನಡುವೆ ಹಂಚಿಹೋಗಿ, ಕಡೆಗೆ ಯಾರೋ ಒಬ್ಬರ ಬೆರಳು ತೀರ್ಮಾನ ಮಾಡಿತ್ತು. ಆ ಒಬ್ಬರು ಯಾರು ಎಂಬುದು ಯಾವತ್ತಿಗೂ ಗೊತ್ತಾಗುವಂಥದ್ದಲ್ಲ. ಗುಪ್ತ ಮತದಾನದ ಸೊಗಸೇ ಅದು. ಆದರೆ ಜನರ ಬಾಯಿ ಸುಮ್ಮನಿರಲಿಲ್ಲ. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೆ ಅಂದು ಮತ ಹಾಕಲು ಬಿಡುವು ಸಿಗಲಿಲ್ಲವೆಂಬ ಕಥೆ ಹುಟ್ಟಿ, ಇವತ್ತಿಗೂ ಪ್ರತಿ ಚುನಾವಣೆಯ ಮುನ್ನಾದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಮತದಾನದ ಮಹತ್ವ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಅಧಿಕಾರಿಗಳಿಗೂ ಸಿಗದು. ಲೆಕ್ಕ ಹಾಕಿ ನೋಡಿದರೆ ಮಾತ್ರ ಕಥೆ ಸ್ವಲ್ಪ ಸಡಿಲ. ಚಾಲಕನ ಮತ ಬಿದ್ದಿದ್ದರೆ ಕೃಷ್ಣಮೂರ್ತಿ ಗೆಲ್ಲುತ್ತಿರಲಿಲ್ಲ, ಇಬ್ಬರೂ ಸಮಸಮ ಆಗುತ್ತಿದ್ದರು. 1951ರ ಜನಪ್ರಾತಿನಿಧ್ಯ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಆಗ ಚುನಾವಣಾಧಿಕಾರಿ ಚೀಟಿ ಎತ್ತಬೇಕಿತ್ತು.

ಒಂದೇ ಮತದ ಸೋಲು ಭಾರತದಲ್ಲಿ ಬಲು ಅಪರೂಪ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್‌ನ ಸಿ.ಪಿ. ಜೋಶಿ ಒಂದು ಮತದಿಂದ ಸೋತರು. ಮುಖ್ಯಮಂತ್ರಿ ಹುದ್ದೆಯ ಆಕಾಂಕ್ಷಿಯಾಗಿದ್ದವರಾದ್ದರಿಂದ ಆ ಸೋಲು ದೇಶದ ತುಂಬ ಸುದ್ದಿಯಾಯಿತು. ಸಂತೇಮರಹಳ್ಳಿ ಅದಕ್ಕಿಂತ ನಾಲ್ಕು ವರ್ಷ ಹಿಂದಿನದು. ಲೋಕಸಭೆಯಲ್ಲಿ ಇಷ್ಟು ಕಡಿಮೆ ಅಂತರ ಇಲ್ಲ. ಅಲ್ಲಿನ ಕನಿಷ್ಠ ದಾಖಲೆ ಒಂಬತ್ತು ಮತ, 1989ರಲ್ಲಿ ಆಂಧ್ರದ ಅನಕಾಪಲ್ಲಿಯಲ್ಲೂ 1998ರಲ್ಲಿ ಬಿಹಾರದ ರಾಜಮಹಲ್‌ನಲ್ಲೂ ಆದದ್ದು.

ಆ ವಿಧಾನಸಭೆಯಲ್ಲಿ ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58 ಸ್ಥಾನ. ಯಾರಿಗೂ ಬಹುಮತವಿಲ್ಲ. ಸಂತೇಮರಹಳ್ಳಿಯಲ್ಲಿ ಒಂದೊಂದು ಮತಕ್ಕೆ ಜಿದ್ದಾಡಿದ್ದ ಎರಡು ಪಕ್ಷಗಳು ಬೆಂಗಳೂರಿನಲ್ಲಿ ಕೈಜೋಡಿಸಿ, ಧರ್ಮಸಿಂಗ್ ನಾಯಕತ್ವದಲ್ಲಿ ಸರ್ಕಾರ ಮಾಡಿದವು. ಅದೇ ಚುನಾವಣೆಯಲ್ಲಿ ಚಾಮರಾಜನಗರ ಲೋಕಸಭಾ ಸ್ಥಾನ ಜೆಡಿಎಸ್‌ನ ಎಂ. ಶಿವಣ್ಣನವರಿಗೆ ಹೋಗಿತ್ತು. ಒಂದೇ ದಿನ, ಒಂದೇ ಮತಗಟ್ಟೆಯಲ್ಲಿ, ಎರಡು ಗುಂಡಿಗಳನ್ನು ಎರಡು ಬಗೆಯಲ್ಲಿ ಒತ್ತಿದವರು ಅಗರ ಹೋಬಳಿಯಲ್ಲೂ ಇದ್ದಿರಲೇಬೇಕು.

ಒಂದು ಮತದಲ್ಲಿ ಗೆದ್ದ ಶಾಸಕರಿಗೆ ಎರಡು ದಾರಿ. ಗೆಲುವು ಗೆಲುವೇ ಎಂದು ಕೂರುವುದು ಒಂದು. ಪ್ರತಿ ಊರಿನಲ್ಲೂ ಅರ್ಧ ಜನ ತನ್ನ ವಿರುದ್ಧ ಎಂಬ ಲೆಕ್ಕದಲ್ಲಿ ಓಡಾಡುವುದು ಇನ್ನೊಂದು. ಧ್ರುವನಾರಾಯಣ ಎರಡನೆಯದನ್ನು ಹಿಡಿದರು. ಕರೆ ಮಾಡಿದರೆ ಸಿಗುವ, ಮದುವೆ–ಸಾವಿಗೆ ಬಂದು ಹೋಗುವ, ಹೆಸರು ಹಿಡಿದು ಮಾತಾಡಿಸುವ ಮನುಷ್ಯ ಎಂಬ ಹೆಸರು ಅವರಿಗೆ ಬಂದದ್ದು ಈ ವರ್ಷಗಳಲ್ಲಿ. ಶಾಸಕರ ಕೆಲಸವೆಂದರೆ ಕಾಗದದ ಮೇಲೆ ಕಾನೂನು ಮಾಡುವುದು. ಊರಿನವರ ಕಣ್ಣಲ್ಲಿ ಅದು ಚರಂಡಿ, ಸಮುದಾಯ ಭವನ, ಆಶ್ರಯ ಮನೆ, ಠಾಣೆಗೊಂದು ಫೋನು, ಆಸ್ಪತ್ರೆಗೊಂದು ಚೀಟಿ. ಒಂದು ತಾಲ್ಲೂಕು, ಜೊತೆಗೊಂದೆರಡು ಹೋಬಳಿ ಇರುವಷ್ಟು ಜಾಗದಲ್ಲಿ ಒಬ್ಬ ಮನುಷ್ಯ ಇದನ್ನು ನಿಭಾಯಿಸಬಲ್ಲ.

ಆ ಜಾಗವೇ 2008ರಲ್ಲಿ ಇಲ್ಲವಾಯಿತು. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರ ಪಟ್ಟಿಯಿಂದ ಅಳಿಸಿಹೋಯಿತು. ಯಳಂದೂರು ತಾಲ್ಲೂಕೂ ಸಂತೇಮರಹಳ್ಳಿ ಹೋಬಳಿಯೂ ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಸೇರಿದವು. ಬೆಟ್ಟ–ಕಾಡಿನ ಹನೂರು ಪ್ರತ್ಯೇಕ ಕ್ಷೇತ್ರವಾಗಿ ಉಳಿಯಿತು. ಒಂದು ಮತದ ದಾಖಲೆ ಮಾಡಿದ ಕ್ಷೇತ್ರಕ್ಕೆ ಅದೇ ಕೊನೆಯ ಸಾರ್ವತ್ರಿಕ ಚುನಾವಣೆ. ಧ್ರುವನಾರಾಯಣ ಕೊಳ್ಳೇಗಾಲದಿಂದ ನಿಂತು ಗೆದ್ದರು. ರಾಜ್ಯದಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸಿತ್ತು. ಬಿಜೆಪಿ 110, ಕಾಂಗ್ರೆಸ್ 80. ಅವರು ವಿರೋಧ ಪಕ್ಷದ ಸಾಲಿನಲ್ಲಿ ಕೂತದ್ದು ಒಂದು ವರ್ಷವೂ ತುಂಬಲಿಲ್ಲ.

2009ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಹಾಲಿ ಶಾಸಕರನ್ನೇ ಕಣಕ್ಕಿಳಿಸಿತು. ಎದುರಾಳಿ ಮತ್ತೆ ಎ.ಆರ್. ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ವಿಧಾನಸಭಾ ಕ್ಷೇತ್ರದಲ್ಲಿ ಪಳಗಿದ ಜಗಳವೇ ಎಂಟು ಪಟ್ಟು ದೊಡ್ಡ ಅಖಾಡಕ್ಕೆ ಬಂದಿತ್ತು. ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಕೊಳ್ಳೇಗಾಲ, ಹನೂರು, ಚಾಮರಾಜನಗರ, ಗುಂಡ್ಲುಪೇಟೆಯ ಜೊತೆಗೆ ಮೈಸೂರು ಜಿಲ್ಲೆಯ ನಂಜನಗೂಡು, ವರುಣ, ಟಿ. ನರಸೀಪುರ, ಎಚ್.ಡಿ. ಕೋಟೆಯೂ ಸೇರುತ್ತವೆ. ಧ್ರುವನಾರಾಯಣ ಗೆದ್ದದ್ದು 4,002 ಮತಗಳಿಂದ. ಒಂದು ಮತದ ಪಕ್ಕದಲ್ಲಿ ಇದು ದೊಡ್ಡದು, ಲೋಕಸಭೆಯ ಲೆಕ್ಕದಲ್ಲಿ ಕೂದಲೆಳೆ. ಆ ಸಲ ರಾಜ್ಯದಲ್ಲಿ ಬಿಜೆಪಿ 19 ಸ್ಥಾನ ಗೆದ್ದಿತ್ತು. ಕಾಂಗ್ರೆಸ್‌ಗೆ ದಕ್ಕಿದ ಆರರಲ್ಲಿ ಇದೂ ಒಂದು.

ಶಾಸಕರಾಗಿಯೂ ಸಂಸದರಾಗಿಯೂ ಏಕಕಾಲಕ್ಕೆ ಇರಲು ಸಾಧ್ಯವಿಲ್ಲ. ಸಂವಿಧಾನದ 101ನೇ ವಿಧಿ ಅದನ್ನು ನಿಷೇಧಿಸುತ್ತದೆ. 1950ರ ನಿಯಮಗಳ ಪ್ರಕಾರ ಆಯ್ಕೆಯ ಪ್ರಕಟಣೆಯಾದ 14 ದಿನಗಳೊಳಗೆ ವಿಧಾನಸಭಾ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು, ಇಲ್ಲವಾದರೆ ಸಂಸತ್ತಿನ ಸ್ಥಾನವೇ ತೆರವಾಗುತ್ತದೆ. ಹೀಗೆ ಖಾಲಿಯಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ. ಅಗರದ ಮತದಾರರು 2008ರ ಮೇನಲ್ಲಿ ಶಾಸಕರನ್ನು, 2009ರ ಬೇಸಿಗೆಯಲ್ಲಿ ಸಂಸದರನ್ನು, ಅದೇ ಆಗಸ್ಟ್‌ನಲ್ಲಿ ಮತ್ತೆ ಶಾಸಕರನ್ನು ಆರಿಸಿದರು. ಹದಿನೈದು ತಿಂಗಳಲ್ಲಿ ಮೂರು ಸಲ ಬೆರಳಿಗೆ ಶಾಯಿ.

2009ರ ಆಗಸ್ಟ್ 18ರಂದು ರಾಜ್ಯದ ಐದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅವುಗಳಲ್ಲಿ ಮೂರು ಶಾಸಕರು ಸಂಸದರಾದದ್ದರಿಂದ ತೆರವಾದವು: ಮಲ್ಲಿಕಾರ್ಜುನ ಖರ್ಗೆಯವರ ಚಿತ್ತಾಪುರ, ಎಚ್.ಡಿ. ಕುಮಾರಸ್ವಾಮಿಯವರ ರಾಮನಗರ, ಧ್ರುವನಾರಾಯಣರ ಕೊಳ್ಳೇಗಾಲ. ರಾಮನಗರವನ್ನು ಜೆಡಿಎಸ್ ಉಳಿಸಿಕೊಂಡಿತು. ಚಿತ್ತಾಪುರದಲ್ಲಿ ಖರ್ಗೆಯವರ ಮಗ ಪ್ರಿಯಾಂಕ್ ಖರ್ಗೆ ಸೋತರು. ಕೊಳ್ಳೇಗಾಲದಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಗೆದ್ದರು. ಒಂಬತ್ತು ಸಲ ಸತತವಾಗಿ ಶಾಸಕರಾಗಿದ್ದ ಖರ್ಗೆಯವರಿಗೂ ಎರಡು ಸಲದ ಧ್ರುವನಾರಾಯಣರಿಗೂ ಒಂದೇ ಅನುಭವವಾಯಿತು. ಮನುಷ್ಯನಿಗೆ ಬಿದ್ದ ಮತವನ್ನು ಪಕ್ಷ ಇನ್ನೊಬ್ಬರ ಹೆಸರಿಗೆ ಖಾತೆ ಬದಲಾಯಿಸಿಕೊಡಲು ಆಗಲಿಲ್ಲ. ಹಾಲಿ ಶಾಸಕರನ್ನು ಲೋಕಸಭೆಗೆ ನಿಲ್ಲಿಸುವ ಪಕ್ಷಗಳು ಇದನ್ನು ಪ್ರತಿ ಸಲ ಮರೆತು, ಪ್ರತಿ ಸಲ ಹೊಸದಾಗಿ ಕಲಿಯುತ್ತವೆ.

ಸಂಸದನ ಕೆಲಸ ಶಾಸಕನ ಕೆಲಸದ ದೊಡ್ಡ ಪ್ರತಿಯಲ್ಲ. ಕುಡಿಯುವ ನೀರು, ಆಸ್ಪತ್ರೆ, ಪೊಲೀಸು, ಭೂಮಿ ಎಲ್ಲವೂ ರಾಜ್ಯದ ಕೈಯಲ್ಲಿ. ರೈಲು, ರಾಷ್ಟ್ರೀಯ ಹೆದ್ದಾರಿ, ಅಂಚೆ, ದೂರವಾಣಿ ಕೇಂದ್ರದ ಕೈಯಲ್ಲಿ. ಊರ ಜನಕ್ಕೆ ಈ ಪಟ್ಟಿಗಳ ಹಂಗಿಲ್ಲ. ಶಾಸಕರಾಗಿದ್ದವರು ಸಂಸದರಾದರೆ ಹಳೆಯ ಅರ್ಜಿಗಳು ಹೊಸ ಬಾಗಿಲಿಗೆ ಬರುತ್ತವೆ, ಹಳೆಯ ಶಾಸಕರು ಬೇಡವೆನ್ನಲಾರರು. ಅದಕ್ಕೆ ಅವರ ಕೈಯಲ್ಲಿದ್ದ ಸಾಧನ ಮುಖ್ಯವಾಗಿ ಎರಡು. ಒಂದು, ಸಂಸದರ ಪ್ರದೇಶಾಭಿವೃದ್ಧಿ ನಿಧಿ. 1993ರ ಕೊನೆಗೆ ಆರಂಭವಾದ ಈ ನಿಧಿ ವರ್ಷಕ್ಕೆ ಎರಡು ಕೋಟಿ ರೂಪಾಯಿ ಇದ್ದದ್ದು 2011–12ರಿಂದ ಐದು ಕೋಟಿಯಾಯಿತು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ ಅರವತ್ತು ಲಕ್ಷದ ಚಿಲ್ಲರೆ. ದೊಡ್ಡ ಸೇತುವೆಗೆ ಸಾಲದು, ಬಸ್ ತಂಗುದಾಣ, ಶಾಲಾ ಕೊಠಡಿ, ಸಮುದಾಯ ಭವನಕ್ಕೆ ಸಾಕು. ನಿಧಿಯನ್ನು ಕೊಳೆಸದೆ ಖರ್ಚು ಮಾಡಿಸುವವರಲ್ಲಿ ಧ್ರುವನಾರಾಯಣ ಮುಂಚೂಣಿಯಲ್ಲಿದ್ದವರೆಂಬ ಹೆಸರಿತ್ತು. ಎರಡನೆಯದು, ಕೇಂದ್ರದ ಯೋಜನೆಗಳ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿ, ಈಗಿನ ‘ದಿಶಾ’. ಅದರ ಅಧ್ಯಕ್ಷ ಸ್ಥಾನ ಸಂಸದರದು. ಉದ್ಯೋಗ ಖಾತ್ರಿಯ ಕೂಲಿ ಏಕೆ ಬಂದಿಲ್ಲ, ಗ್ರಾಮ ಸಡಕ್ ರಸ್ತೆ ಯಾವ ಹಳ್ಳಿಯಲ್ಲಿ ನಿಂತಿದೆ ಎಂದು ತಾಲ್ಲೂಕು ಅಧಿಕಾರಿಯನ್ನು ನಿಲ್ಲಿಸಿ ಕೇಳಲು ಸಂಸದರಿಗೆ ಸಿಗುವ ಜಾಗ ಅದೇ. ಕಡತದ ಭಾಷೆ ಗೊತ್ತಿರುವ ಮಾಜಿ ಶಾಸಕರು ಇಂಥ ಸಭೆಯಲ್ಲಿ ನೇರ ಬಂದ ಸಂಸದರಿಗಿಂತ ಚೆನ್ನಾಗಿ ಕೆಲಸ ತೆಗೆಯುತ್ತಾರೆ.

ಅವರ ಹತ್ತು ವರ್ಷಗಳ ಇನ್ನೊಂದು ಕಷ್ಟವನ್ನು ಗಮನಿಸಬೇಕು. 2009ರಿಂದ 2013ರವರೆಗೆ ದೆಹಲಿಯಲ್ಲಿ ಅವರ ಪಕ್ಷ, ಬೆಂಗಳೂರಿನಲ್ಲಿ ಬಿಜೆಪಿ. 2014ರ ನಂತರ ದೆಹಲಿಯಲ್ಲಿ ಬಿಜೆಪಿ, ಬೆಂಗಳೂರಿನಲ್ಲಿ ಅವರ ಪಕ್ಷ, ಆಮೇಲೆ ಮೈತ್ರಿ. ಎರಡೂ ಕಡೆ ತಮ್ಮವರದೇ ಸರ್ಕಾರ ಇದ್ದದ್ದು 2013ರ ಮೇನಿಂದ 2014ರ ಮೇವರೆಗೆ, ಸುಮಾರು ಒಂದು ವರ್ಷ.

ಕಾನೂನು ದೆಹಲಿಯಲ್ಲಿ ಹುಟ್ಟಿ ಬುಡಕಟ್ಟಿನವರ ಹಾಡಿಗೆ ಬರುವುದು ಹೇಗೆ ಎಂಬುದಕ್ಕೆ ಇದೇ ತಾಲ್ಲೂಕಿನಲ್ಲಿ ಒಂದು ನಿದರ್ಶನವಿದೆ. ಅರಣ್ಯ ಹಕ್ಕು ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2006ರಲ್ಲಿ, ಧ್ರುವನಾರಾಯಣ ಆಗ ಶಾಸಕರು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರ ಆರಂಭದಲ್ಲಿ. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಜೇನು, ನೆಲ್ಲಿಕಾಯಿ, ಪಾಚಿ ಕೊಯ್ಯುವ ಹಕ್ಕನ್ನು ಹುಲಿಯ ಕಾಡಿನೊಳಗೇ ಕಾಗದದ ಮೇಲೆ ಬರೆದುಕೊಟ್ಟದ್ದು ದೇಶಕ್ಕೇ ಹೊಸದಾಗಿತ್ತು. ಅದರ ಶ್ರೇಯಸ್ಸು ಮುಖ್ಯವಾಗಿ ಸೋಲಿಗರ ಸಂಘಟನೆಗಳದು, ಯಾವ ಒಬ್ಬ ಜನಪ್ರತಿನಿಧಿಯದೂ ಅಲ್ಲ. ಕಾಯ್ದೆಯಾದ ಐದು ವರ್ಷಕ್ಕೆ ಹಕ್ಕುಪತ್ರ ಕೈಗೆ ಬಂತು ಎಂಬುದನ್ನು ಇಲ್ಲಿ ನೆನೆಯಬೇಕು.

ರೈಲಿನ ಕಥೆ ಇಷ್ಟು ಬೇಗ ಮುಗಿಯುವುದಿಲ್ಲ. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ಹಳಿ ಚಾಮರಾಜನಗರದಲ್ಲಿ ಕೊನೆಯಾಗುತ್ತದೆ. ಬೆಂಗಳೂರು ಪಕ್ಕದ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮಾರ್ಗವಾಗಿ ಚಾಮರಾಜನಗರಕ್ಕೆ ಸುಮಾರು 142 ಕಿ.ಮೀ. ಹಳಿ ಹಾಕುವ ಯೋಜನೆಗೆ 1996–97ರ ರೈಲ್ವೆ ಬಜೆಟ್‌ನಲ್ಲೇ ಒಪ್ಪಿಗೆ ಸಿಕ್ಕಿತ್ತು. ಅಂದಿನಿಂದ ಈ ಕ್ಷೇತ್ರದ ಪ್ರತಿ ಸಂಸದರೂ ಅದನ್ನು ಕೇಳುತ್ತ ಬಂದಿದ್ದಾರೆ, ಧ್ರುವನಾರಾಯಣರೂ ಕೇಳಿದರು. ಯಳಂದೂರಿನ ಮೇಲೆ ಹಾಯುವ ಬೆಂಗಳೂರು–ಕೊಯಮತ್ತೂರು ಹೆದ್ದಾರಿ, ಅಂದಿನ 209, ಈಗಿನ 948, ಆ ನಡುವೆ ಅಗಲವಾಯಿತು.

2014ರಲ್ಲಿ ದೇಶದ ಬಹುಭಾಗದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಚಾಮರಾಜನಗರ ಮತ್ತೆ ಎದುರು ಈಜಿತು. ಮತ್ತೊಮ್ಮೆ ಎದುರಾದ ಅದೇ ಕೃಷ್ಣಮೂರ್ತಿಯವರನ್ನು ಧ್ರುವನಾರಾಯಣ 1,41,182 ಮತಗಳಿಂದ ಸೋಲಿಸಿದರು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವರುಣ ಇದೇ ಲೋಕಸಭಾ ಕ್ಷೇತ್ರದೊಳಗಿನದು ಎಂಬುದೂ ನೆರವಾಗಿರಬೇಕು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ಹಳೆಯ ಮೌಢ್ಯವನ್ನು ಮುರಿದು ಹಲವು ಸಲ ಬಂದುಹೋದವರು ಅವರೇ. ಅದೇ ಇಬ್ಬರ ನಡುವೆ ಮೊದಲು ಒಂದು, ಆಮೇಲೆ ನಾಲ್ಕು ಸಾವಿರ, ಆಮೇಲೆ ಒಂದೂವರೆ ಲಕ್ಷದ ಹತ್ತಿರ: ಹತ್ತು ವರ್ಷದಲ್ಲಿ ಅಂತರ ಬೆಳೆದ ಪರಿ ಇದು.

ಐದು ವರ್ಷಕ್ಕೆ ಅದು ಮತ್ತೆ ಕುಗ್ಗಿತು. 2019ರಲ್ಲಿ ಎದುರು ನಿಂತವರು ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್. ಅವರ ಹಾದಿ ಧ್ರುವನಾರಾಯಣರದಕ್ಕೆ ನೇರ ಉಲ್ಟಾ. 1980ರಿಂದ ಇದೇ ಕ್ಷೇತ್ರದಿಂದ ಐದು ಸಲ ಸಂಸದರಾಗಿ, ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾಗಿ, ಆಮೇಲೆ ವಿಧಾನಸಭೆಗೆ ಇಳಿದು ನಂಜನಗೂಡಿನ ಶಾಸಕರಾಗಿ, 2013ರಲ್ಲಿ ಸಿದ್ದರಾಮಯ್ಯ ಸಂಪುಟದ ಕಂದಾಯ ಸಚಿವರಾದವರು. 2016ರಲ್ಲಿ ಸಂಪುಟದಿಂದ ಕೈಬಿಟ್ಟಾಗ ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದರು, 2017ರ ನಂಜನಗೂಡು ಉಪಚುನಾವಣೆಯಲ್ಲಿ ಸೋತರು. ಆ ಹಿರಿಯ 2019ರಲ್ಲಿ 1,817 ಮತಗಳ ಅಂತರದಿಂದ ಗೆದ್ದು ಆರನೇ ಸಲ ಲೋಕಸಭೆಗೆ ಹೋದರು. ಬಿಎಸ್‌ಪಿ ಅಭ್ಯರ್ಥಿ ಪಡೆದದ್ದು ಈ ಅಂತರದ ಹಲವು ಪಟ್ಟು. ಒಂದು ಮತದ ಗೆಲುವು ಕಂಡ ಚುನಾವಣಾ ಜೀವನಕ್ಕೆ ಕೊನೆಯ ಫಲಿತಾಂಶವೂ ಹೀಗೆ ಕೂದಲೆಳೆಯಲ್ಲೇ ಬಂತು.

ಸೋತ ಮೇಲೆ ಧ್ರುವನಾರಾಯಣ ಕೆಪಿಸಿಸಿ ಕಾರ್ಯಾಧ್ಯಕ್ಷರಾದರು. 2021ರ ಮೇ ತಿಂಗಳಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ರಾತ್ರಿ 24 ರೋಗಿಗಳು ಸತ್ತಾಗ, ಆ ಕುಟುಂಬಗಳ ಪರವಾಗಿ ಪಕ್ಷ ನಡೆಸಿದ ಹೋರಾಟದಲ್ಲಿ ಅವರಿದ್ದರು. 2022ರ ಸೆಪ್ಟೆಂಬರ್ 30ರಂದು ಭಾರತ್ ಜೋಡೊ ಯಾತ್ರೆ ಕರ್ನಾಟಕಕ್ಕೆ ಕಾಲಿಟ್ಟದ್ದು ಇದೇ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ. ಮುಂದಿನ ವಿಧಾನಸಭಾ ಚುನಾವಣೆಗೆ ಅವರು ನಂಜನಗೂಡಿನ ಮೇಲೆ ಕಣ್ಣಿಟ್ಟಿದ್ದರು. ಸಂಸದರು ಮತ್ತೆ ಶಾಸಕರಾಗಲು ಹೊರಟಿದ್ದರು, ರಾಚಯ್ಯ ಒಂದು ಕಾಲಕ್ಕೆ ಮಾಡಿದ್ದಂತೆಯೇ. 2023ರ ಮಾರ್ಚ್ 11ರ ಬೆಳಿಗ್ಗೆ ಮೈಸೂರಿನ ಮನೆಯಲ್ಲಿ ಎದೆನೋವು ಕಾಣಿಸಿಕೊಂಡು, 61ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಹೆಗ್ಗವಾಡಿಯಲ್ಲಿ ನಡೆಯಿತು.

ಎರಡು ತಿಂಗಳಿಗೆ, ಮೇ 10ರಂದು, ಚುನಾವಣೆ. ನಂಜನಗೂಡಿನಲ್ಲಿ ಅವರ ಮಗ ದರ್ಶನ್ ಧ್ರುವನಾರಾಯಣ ಗೆದ್ದರು. ಸೋತವರು ಶ್ರೀನಿವಾಸ ಪ್ರಸಾದರ ಅಳಿಯ, ಬಿಜೆಪಿಯ ಬಿ. ಹರ್ಷವರ್ಧನ್. ಕೊಳ್ಳೇಗಾಲದಲ್ಲಿ ಕಾಂಗ್ರೆಸ್ ಅಭ್ಯರ್ಥಿ ಬೇರಾರೂ ಅಲ್ಲ, ಎ.ಆರ್. ಕೃಷ್ಣಮೂರ್ತಿ. ಜೆಡಿಎಸ್, ಬಿಜೆಪಿ ದಾಟಿ ಕಾಂಗ್ರೆಸ್‌ಗೆ ಬಂದು, 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತಿದ್ದವರು ಈ ಸಲ, ಅಷ್ಟರಲ್ಲಿ ಬಿಜೆಪಿ ಸೇರಿದ್ದ ಅದೇ ಮಹೇಶರನ್ನು 59,519 ಮತಗಳಿಂದ ಸೋಲಿಸಿದರು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮತ ಕಡಿಮೆ ಕೊಟ್ಟಿದ್ದ ಕ್ಷೇತ್ರದೊಳಗಿದ್ದ ಯಳಂದೂರು ತಾಲ್ಲೂಕು ಈ ಗೆಲುವಿನಲ್ಲೂ ಇತ್ತು.

2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಮೊದಲು ಶಾಸಕ, ಆಮೇಲೆ ಸಂಸದ ಎಂಬ ಮೆಟ್ಟಿಲಿನ ಲೆಕ್ಕ ತಪ್ಪಿತು. ವಿಧಾನಸಭೆಯ ಮೆಟ್ಟಿಲು ಹತ್ತದ ಕಾಂಗ್ರೆಸ್‌ನ ಸುನಿಲ್ ಬೋಸ್, ಸಚಿವ ಎಚ್.ಸಿ. ಮಹದೇವಪ್ಪನವರ ಮಗ, 2004ರಲ್ಲಿ ಕೊಳ್ಳೇಗಾಲದ ಶಾಸಕರಾಗಿ ಗೆದ್ದಿದ್ದ ಬಿಜೆಪಿಯ ಎಸ್. ಬಾಲರಾಜ್ ಅವರನ್ನು 1,88,706 ಮತಗಳಿಂದ ಸೋಲಿಸಿದರು. ಅದೇ ಚುನಾವಣೆಯಲ್ಲಿ ಹನೂರು ಕಡೆಯ ಇಂಡಿಗನತ್ತದಲ್ಲಿ ರಸ್ತೆ, ನೀರಿಲ್ಲವೆಂದು ಸಿಟ್ಟಿಗೆದ್ದ ಗುಂಪು ಮತಗಟ್ಟೆಯನ್ನೇ ಧ್ವಂಸ ಮಾಡಿತು, ಏಪ್ರಿಲ್ 29ರಂದು ಮರುಮತದಾನ ನಡೆಯಿತು. ಅಂದೇ ಬೆಂಗಳೂರಿನಲ್ಲಿ ಶ್ರೀನಿವಾಸ ಪ್ರಸಾದ್ ತೀರಿಕೊಂಡರು.

ಸಂತೇಮರಹಳ್ಳಿ ಈಗ ವಿಧಾನಸಭಾ ಕ್ಷೇತ್ರವಲ್ಲ, ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದ ಒಂದು ಹೋಬಳಿ. ಅಗರವೂ ಹಾಗೆಯೇ. ಹೆಜ್ಜಾಲದ ಹಳಿ ಇನ್ನೂ ಎರಡೂ ಹೋಬಳಿಗಳನ್ನು ಮುಟ್ಟಿಲ್ಲ.